ಟೋಪಿ ಎಸೆದವರು, ಕುರ್ಚಿ ಎಸೆದವರು

2014ರ ಮೇ 25ರ ರಾತ್ರಿ ವಾಂಖೆಡೆ ಕ್ರೀಡಾಂಗಣದಲ್ಲಿದ್ದವರು ಎರಡು ಅಪರೂಪಗಳನ್ನು ಒಟ್ಟಿಗೇ ಕಂಡರು. ರಾಜಸ್ಥಾನ್ ರಾಯಲ್ಸ್ ಒಡ್ಡಿದ್ದ 190 ರನ್‌ಗಳ ಗುರಿಯನ್ನು ಮುಂಬಯಿ ಇಂಡಿಯನ್ಸ್ 14.3 ಓವರ್‌ಗಳೊಳಗೆ ಮುಟ್ಟಬೇಕಿತ್ತು. ಆ ಹೊತ್ತಿಗೆ ಸ್ಕೋರ್ ಸಮವಾಗಿ ನಿಂತಿತು. ಮುಂದಿನ ಎಸೆತಕ್ಕೆ ಬೌಂಡರಿ ಬಂದರೂ ಸಾಕು ಎಂದು ಲೆಕ್ಕ ಬದಲಾಯಿತು. ಆದಿತ್ಯ ತರೆ ಸಿಕ್ಸರ್ ಬಾರಿಸಿದರು, ಮುಂಬಯಿ ಪ್ಲೇಆಫ್ ಸೇರಿತು. ಇದು ಮೊದಲನೆಯದು. ಅದೇ ಕ್ಷಣ ರಾಜಸ್ಥಾನದ ಡಗೌಟ್‌ನಲ್ಲಿ ತಂಡದ ಮೆಂಟರ್ ರಾಹುಲ್ ದ್ರಾವಿಡ್ ತಲೆಯ ಮೇಲಿನ ಟೋಪಿ ಕಿತ್ತು ನೆಲಕ್ಕೆ ಬಡಿದರು. ಇದು ಎರಡನೆಯದು, ಮತ್ತು ಜನ ಹೆಚ್ಚು ನೆನಪಿಟ್ಟುಕೊಂಡದ್ದು ಇದನ್ನೇ.

ಅದಕ್ಕೂ 29 ವರ್ಷ ಹಿಂದೆ, 1985ರ ಫೆಬ್ರುವರಿ 23ರಂದು, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಕೋಚ್ ಬಾಬ್ ನೈಟ್ ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ರೆಫರಿಗಳ ಮೇಲೆ ಸಿಟ್ಟಾಗಿ, ಬದಿಯಲ್ಲಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಅಂಕಣದ ಅಡ್ಡಕ್ಕೆ ಎಸೆದರು. ಆಟ ಶುರುವಾಗಿ ಆಗಿನ್ನೂ ಐದು ನಿಮಿಷ. ಒಂದು ಪಂದ್ಯದ ನಿಷೇಧ ಬಿತ್ತು, ಕೆಲಸ ಹೋಗಲಿಲ್ಲ. ದ್ರಾವಿಡ್ ಟೋಪಿ ಎಸೆದಾಗ ಕಂಡವರಿಗೆ ಅಚ್ಚರಿಯಾಗಿತ್ತು. ನೈಟ್ ಕುರ್ಚಿ ಎಸೆದಾಗ ಇಂಡಿಯಾನಾದ ಬಹಳ ಮಂದಿಗೆ ಅಷ್ಟೇನೂ ಅಚ್ಚರಿಯಾಗಲಿಲ್ಲ. ಕೋಚ್‌ನ ಸ್ವಭಾವದ ಮಾತು ಶುರುವಾಗಬೇಕಾದದ್ದು ಈ ವ್ಯತ್ಯಾಸದಿಂದಲೇ.

ಕ್ರಿಕೆಟ್ ನೋಡಿ ಬೆಳೆದವರಿಗೆ ಕೋಚ್ ಎಂದರೆ ಪೆವಿಲಿಯನ್ನಿನ ಗಾಜಿನ ಹಿಂದೆ ಕೂತವನು. ಮೈದಾನದೊಳಗೆ ನಾಯಕನದೇ ಆಳ್ವಿಕೆ. ಬಾಸ್ಕೆಟ್‌ಬಾಲ್ ಹಾಗಲ್ಲ. ಅಂಕಣ ಬರೀ 28 ಮೀಟರ್ ಉದ್ದ, 15 ಮೀಟರ್ ಅಗಲ. ಮುಂಬಯಿಯ ದಹಿಸರ್‌ನ ಒಂದು ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ಕಾರುಗಳನ್ನು ಆಚೆ ಕಳಿಸಿದರೆ ಹಿಡಿಸುವಷ್ಟು. ಕೋಚ್ ಅದರ ಗೆರೆಗೆ ತಾಗಿಕೊಂಡೇ ನಿಂತಿರುತ್ತಾನೆ. ಅವನ ಪಿಸುಮಾತು ಬೆಂಚಿಗೆ, ಕೂಗು ಎದುರಾಳಿಗೂ ಕೇಳುತ್ತದೆ. ಬದಲಿ ಆಟಗಾರರಿಗೆ ಮಿತಿಯಿಲ್ಲ. ಈಗ ಚೆಂಡು ಕೈಬಿಟ್ಟವನು ಮರುನಿಮಿಷವೇ ಹೊರಗೆ ಬಂದು, ಅದೇ ಕೋಚ್‌ನ ಪಕ್ಕದಲ್ಲಿ ಟವೆಲ್ ಹೊದ್ದು ಕೂರಬೇಕಾದೀತು. ಅಂತರರಾಷ್ಟ್ರೀಯ ನಿಯಮದಲ್ಲಿ ಮೊದಲರ್ಧಕ್ಕೆ ಎರಡು, ಎರಡನೆಯ ಅರ್ಧಕ್ಕೆ ಮೂರು ಟೈಮ್‌ಔಟ್, ಒಂದೊಂದೂ 60 ಸೆಕೆಂಡು. ಆ ಅರುವತ್ತು ಸೆಕೆಂಡಿನಲ್ಲಿ ಬೈಯಬಹುದು, ಇಲ್ಲವೇ ಮುಂದೇನು ಮಾಡಬೇಕೆಂದು ಹೇಳಬಹುದು. ಎರಡಕ್ಕೂ ಸಮಯ ಸಾಲದು.

ಕೋಚ್‌ನ ಸಿಟ್ಟಿಗೆ ದರಪಟ್ಟಿ ಇಟ್ಟಿರುವ ಆಟವೂ ಇದು. ಅನುಚಿತವಾಗಿ ವರ್ತಿಸಿದರೆ ಅವನ ಹೆಸರಿಗೇ ಟೆಕ್ನಿಕಲ್ ಫೌಲ್; ಎದುರಾಳಿಗೆ ಒಂದು ಫ್ರೀ ಥ್ರೋ. ಎರಡನೆಯ ಸಲವೂ ಹಾಗೆಯೇ ಮಾಡಿದರೆ ಅವನು ಅಂಕಣ ಬಿಟ್ಟು ನಡೆಯಬೇಕು. ಕೋಚ್‌ನ ಬಾಯಿಯ ಬೆಲೆಯನ್ನು ಆಟಗಾರರು ಸ್ಕೋರ್‌ಬೋರ್ಡಿನಲ್ಲಿ ತೆರುತ್ತಾರೆ.

ಹಾಗಾದರೆ ಬೈದರೆ ಆಟ ಸುಧಾರಿಸುತ್ತದೆಯೇ? ಅಮೆರಿಕದಲ್ಲಿ ಇದನ್ನು ನಿಜವಾಗಿಯೂ ಅಳೆದು ನೋಡಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಬ್ಯಾರಿ ಸ್ಟಾ ಮತ್ತು ಸಂಗಡಿಗರು ಹೈಸ್ಕೂಲು ಹಾಗೂ ಕಾಲೇಜುಗಳ 23 ಬಾಸ್ಕೆಟ್‌ಬಾಲ್ ತಂಡಗಳ ಕೋಚ್‌ಗಳು ಮಧ್ಯಂತರದಲ್ಲಿ ಆಡಿದ 304 ಭಾಷಣಗಳನ್ನು ಧ್ವನಿಮುದ್ರಿಸಿ, ಅವುಗಳಲ್ಲಿನ ಕಹಿಯ ಪ್ರಮಾಣವನ್ನು ದ್ವಿತೀಯಾರ್ಧದ ಅಂಕಗಳ ಜೊತೆ ಹೋಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಸಾಧು ಕೋಚ್‌ಗಳಿಗೂ ಮುಂಗೋಪಿ ಕೋಚ್‌ಗಳಿಗೂ ಪೂರ್ತಿ ಒಗ್ಗುವಂಥದ್ದಲ್ಲ. ಬೇಸರ, ಅಸಮಾಧಾನ, ಒಂದಿಷ್ಟು ಸಿಟ್ಟು ಕಂಡ ಕಡೆ ತಂಡ ಮುಂದಿನ ಅರ್ಧದಲ್ಲಿ ಚೆನ್ನಾಗಿಯೇ ಆಡಿತ್ತು. ಆದರೆ ಕಹಿ ಒಂದು ಮಟ್ಟ ದಾಟಿದ ಮೇಲೆ ಆಟ ಕೆಡತೊಡಗಿತ್ತು. ಸಾರಿಗೆ ಖಾರ ಹಾಕುವ ಯಾವ ಗೃಹಿಣಿಗೂ ಇದು ಹೊಸ ಸುದ್ದಿಯಲ್ಲ. ಆದರೂ 304 ಭಾಷಣಗಳ ಪುರಾವೆ ಬೇರೆಯೇ ತೂಕದ್ದು.

ಬಾಬ್ ನೈಟ್ ಈ ಮಟ್ಟದ ಎರಡೂ ಬದಿಯಲ್ಲಿ ಬದುಕಿದ ಮನುಷ್ಯ. 1940ರಲ್ಲಿ ಒಹಾಯೊದಲ್ಲಿ ಹುಟ್ಟಿದವರು. ಇಪ್ಪತ್ತನಾಲ್ಕರ ವಯಸ್ಸಿಗೇ ಅಮೆರಿಕದ ಸೇನಾ ಅಕಾಡೆಮಿಯ ತಂಡಕ್ಕೆ ಮುಖ್ಯ ಕೋಚ್ ಆದರು. 1971ರಲ್ಲಿ ಇಂಡಿಯಾನಾಕ್ಕೆ ಬಂದು 1976, 1981, 1987ರಲ್ಲಿ ರಾಷ್ಟ್ರೀಯ ಕಾಲೇಜು ಕಿರೀಟ ಗೆಲ್ಲಿಸಿದರು. 1976ರ ತಂಡ 32 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಪುರುಷರ ವಿಭಾಗದಲ್ಲಿ 2025ರವರೆಗೂ ಇನ್ನಾವ ತಂಡವೂ ಅದನ್ನು ಮತ್ತೆ ಮಾಡಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ, ಮೈಕಲ್ ಜೋರ್ಡನ್ ಇದ್ದ ತಂಡದ ಕೋಚ್ ಕೂಡ ಅವರೇ. ಆಟಗಾರರು ತರಗತಿ ತಪ್ಪಿಸುವುದನ್ನು ಸಹಿಸುತ್ತಿರಲಿಲ್ಲ, ಪದವಿ ಮುಗಿಸಲೇಬೇಕೆಂದು ಹಠ ಹಿಡಿಯುತ್ತಿದ್ದರು. ಅಡ್ಡದಾರಿಯಲ್ಲಿ ಹಣ ಕೊಟ್ಟು ಆಟಗಾರರನ್ನು ಸೆಳೆಯುವ ಕೋಚ್‌ಗಳ ಮೇಲೆ ಅವರಿಗೆ ಅಸಹ್ಯವೇ ಇತ್ತು.

1981ರ ವಿಜಯಿ ತಂಡದಲ್ಲಿ ಲ್ಯಾಂಡನ್ ಟರ್ನರ್ ಎಂಬ ಎತ್ತರದ ಹುಡುಗನಿದ್ದ. ಋತುವಿನುದ್ದಕ್ಕೂ ಕೋಚ್‌ನಿಂದ ಬೈಸಿಕೊಂಡವನು. ಕಿರೀಟ ಗೆದ್ದ ಕೆಲವೇ ತಿಂಗಳಲ್ಲಿ ಕಾರು ಅಪಘಾತವಾಗಿ ಅವನ ಎದೆಯಿಂದ ಕೆಳಗೆ ಸ್ವಾಧೀನ ತಪ್ಪಿತು. ನೈಟ್ ಅವನ ಚಿಕಿತ್ಸೆಗೆ ನಿಧಿ ಕೂಡಿಸಲು ಊರೂರು ಅಲೆದರು, ಮುಂದಿನ ವರ್ಷ ಅವನನ್ನು ತಂಡದ ಗೌರವ ನಾಯಕನನ್ನಾಗಿ ಮಾಡಿದರು. 1982ರಲ್ಲಿ ವೃತ್ತಿಪರ ತಂಡವಾದ ಬಾಸ್ಟನ್ ಸೆಲ್ಟಿಕ್ಸ್ ಆಯ್ಕೆಯ ಕೊನೆಯ ಸುತ್ತಿನಲ್ಲಿ ಟರ್ನರ್ ಹೆಸರು ಕೂಗಿತು. ಆ ಗೌರವದ ಹಿಂದೆಯೂ ನೈಟ್ ಇದ್ದರು.

ಇದೇ ಮನುಷ್ಯ 1997ರ ಒಂದು ಅಭ್ಯಾಸದಲ್ಲಿ ನೀಲ್ ರೀಡ್ ಎಂಬ ಆಟಗಾರನ ಕುತ್ತಿಗೆಗೆ ಕೈ ಹಾಕಿದ್ದರು. ರೀಡ್ ಹಾಗೆ ಹೇಳಿದಾಗ ನಂಬದವರೇ ಹೆಚ್ಚು. 2000ದ ವಸಂತದಲ್ಲಿ ಆ ಅಭ್ಯಾಸದ ವಿಡಿಯೊ ಟಿವಿಯಲ್ಲಿ ಬಂತು. ವಿಶ್ವವಿದ್ಯಾಲಯದ ಅಧ್ಯಕ್ಷ ಮೈಲ್ಸ್ ಬ್ರ್ಯಾಂಡ್ ಮೇ ತಿಂಗಳಲ್ಲಿ ಇನ್ನೊಂದು ತಪ್ಪನ್ನೂ ಸಹಿಸುವುದಿಲ್ಲ ಎಂಬ ಷರತ್ತು ಹಾಕಿದರು. ಸೆಪ್ಟೆಂಬರಿನಲ್ಲಿ ತನ್ನನ್ನು ಬರೀ ಕುಲನಾಮದಿಂದ ಕರೆದ ಹೊಸ ವಿದ್ಯಾರ್ಥಿಯೊಬ್ಬನ ತೋಳು ಹಿಡಿದು ಮರ್ಯಾದೆಯ ಪಾಠ ಹೇಳಿದರೆಂಬ ದೂರು ಬಂತು. 10ನೇ ತಾರೀಖು ನೈಟ್ ವಜಾ ಆದರು.

ಈ ಕತೆಯನ್ನು ಅಲ್ಲಿಯವರು ಹೆಚ್ಚಾಗಿ ನೈಟ್‌ನ ಕೋಪದ ಕತೆಯೆಂದೇ ಹೇಳುತ್ತಾರೆ. ಅದು ವಿಶ್ವವಿದ್ಯಾಲಯದ ಕತೆಯೂ ಹೌದು. ಕುರ್ಚಿ ಹಾರಿದ್ದು 1985ರಲ್ಲಿ. ವಜಾ ಆದದ್ದು ಹದಿನೈದು ವರ್ಷದ ಮೇಲೆ. ನಡುವೆ 1987ರ ಕಿರೀಟ ಬಂತು. 1994ರ ಬಳಿಕ ಮಾತ್ರ ನೈಟ್‌ರ ಇಂಡಿಯಾನಾ ರಾಷ್ಟ್ರೀಯ ಟೂರ್ನಿಯ ಮೊದಲೆರಡು ಸುತ್ತುಗಳನ್ನು ದಾಟಲಿಲ್ಲ. ಗೆಲ್ಲುವಾಗ ಕಣ್ಣುಮುಚ್ಚಿ ಕೂತ ಆಡಳಿತಕ್ಕೆ ಸೋಲುವಾಗ ಶಿಸ್ತು ನೆನಪಾಯಿತು ಎಂದರೆ ಅನ್ಯಾಯದ ಮಾತೇನಲ್ಲ. 902 ಗೆಲುವುಗಳೊಂದಿಗೆ ನಿವೃತ್ತರಾದ ನೈಟ್ ಇಂಡಿಯಾನಾದ ಅಂಕಣಕ್ಕೆ ಮತ್ತೆ ಕಾಲಿಟ್ಟದ್ದು 2020ರ ಫೆಬ್ರುವರಿಯಲ್ಲಿ. 2023ರ ನವೆಂಬರ್ 1ರಂದು ತೀರಿಕೊಂಡರು.

ನೈಟ್‌ಗೆ ಎದುರಾಗಿ ಯಾವಾಗಲೂ ನಿಲ್ಲಿಸುವ ಹೆಸರು ಜಾನ್ ವುಡನ್. ಇವರು ಹುಟ್ಟಿದ್ದೇ ಇಂಡಿಯಾನಾದ ಒಂದು ಹಳ್ಳಿಯಲ್ಲಿ, 1910ರಲ್ಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. 1948ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಸೇರಿದರು. ಮೊದಲ ಕಿರೀಟಕ್ಕೆ ಹದಿನಾರು ಋತು ಕಾದರು. 1964ರಲ್ಲಿ ಅದು ಬಂತು. 1975ರ ಹೊತ್ತಿಗೆ ಹತ್ತು ಕಿರೀಟಗಳಾಗಿದ್ದವು. ನಡುವೆ ಸತತ 88 ಪಂದ್ಯಗಳ ಗೆಲುವು. ಇವತ್ತಿನ ಯಾವ ಕಾಲೇಜಾದರೂ ಒಬ್ಬ ಕೋಚ್‌ಗಾಗಿ ಹದಿನಾರು ವರ್ಷ ಕಾದೀತೇ ಎನ್ನುವುದು ಬೇರೆಯೇ ಪ್ರಶ್ನೆ.

ವುಡನ್‌ರ ಕೊನೆಯ ಋತುವಿನಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ಅಂಗಳದಲ್ಲಿ ಕೂತು, ಅವರು ಬಾಯಿಬಿಟ್ಟಾಗಲೆಲ್ಲ ಗುರುತು ಹಾಕಿಕೊಂಡರು. ಒಟ್ಟು 2326 ಗುರುತುಗಳು. ಸ್ಫೂರ್ತಿಯ ಭಾಷಣ, ಬೆನ್ನು ತಟ್ಟುವಿಕೆ ತುಂಬಿರಬಹುದೆಂದು ಅವರು ಎಣಿಸಿದ್ದರು. ಸಿಕ್ಕಿದ್ದು ಬೇರೆ. ಅರ್ಧದಷ್ಟು ಮಾತು ಬರೀ ಸೂಚನೆ: ಎಲ್ಲಿ ನಿಲ್ಲಬೇಕು, ಚೆಂಡು ಯಾವ ಕೈಯಲ್ಲಿರಬೇಕು, ಯಾವಾಗ ಕೊಡಬೇಕು. ಹೊಗಳಿಕೆ ನೂರಕ್ಕೆ ಏಳರ ಆಸುಪಾಸು, ಬರಿಯ ಗದರಿಕೆಯೂ ಹೆಚ್ಚುಕಡಿಮೆ ಅಷ್ಟೇ. ಇವೆರಡಕ್ಕಿಂತ ತುಸು ಹೆಚ್ಚಿದ್ದದ್ದು ಅವರಿಗೇ ವಿಶಿಷ್ಟವಾದ ಒಂದು ಬಗೆ: ಗದರುವುದು, ಆ ಗದರಿಕೆಯ ಬಾಲದಲ್ಲೇ ಸರಿಯಾದದ್ದನ್ನು ಮತ್ತೆ ಹೇಳುವುದು. ಮೊದಲು ತಾವೇ ಸರಿಯಾಗಿ ಮಾಡಿ ತೋರಿಸುವರು, ಆಮೇಲೆ ಹುಡುಗ ಮಾಡಿದ ತಪ್ಪನ್ನು ಅನುಕರಿಸುವರು, ಮತ್ತೆ ಸರಿಯಾದದ್ದು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ ಮುಗಿದು ಆಟ ಮುಂದುವರಿಯುತ್ತಿತ್ತು. ಅಷ್ಟು ಚುಟುಕಾಗಿ ಹೇಳಲು ಸಾಧ್ಯವಾದದ್ದು ಯಾಕೆಂದರೆ, ಪ್ರತಿ ಬೆಳಗ್ಗೆ ಸಹಾಯಕರೊಂದಿಗೆ ಕೂತು ಸಂಜೆಯ ಅಭ್ಯಾಸವನ್ನು ನಿಮಿಷ ನಿಮಿಷಕ್ಕೆ ಚೀಟಿಯಲ್ಲಿ ಬರೆದಿಡುತ್ತಿದ್ದರು.

ಋತುವಿನ ಮೊದಲ ದಿನ ಅವರು ಕಲಿಸುತ್ತಿದ್ದದ್ದು ಕಾಲುಚೀಲ ಹಾಕುವುದನ್ನು. ದೇಶದ ಅತಿ ಪ್ರತಿಭಾವಂತ ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಚೀಲದಲ್ಲಿ ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಓಡಲಾರ, ಓಡದವನಿಗೆ ತಂಡದಲ್ಲಿ ಜಾಗವಿಲ್ಲ. ತಾರೆ ಬಿಲ್ ವಾಲ್ಟನ್ ಉದ್ದ ಕೂದಲು ಬಿಟ್ಟು ಬಂದು, ನನ್ನ ಕೂದಲು ನನ್ನ ಹಕ್ಕು ಎಂದಾಗ ವುಡನ್ ದನಿ ಏರಿಸಲಿಲ್ಲ. ಹಕ್ಕನ್ನು ಒಪ್ಪಿಕೊಂಡು, ನೀನಿಲ್ಲದ ಕೊರತೆ ನಮ್ಮನ್ನು ಕಾಡುತ್ತದೆ ಎಂದಷ್ಟೇ ಹೇಳಿದರಂತೆ. ವಾಲ್ಟನ್ ಸೈಕಲ್ ಹತ್ತಿ ಕ್ಷೌರಿಕನ ಬಳಿ ಓಡಿದ ಕತೆಯನ್ನು ಸ್ವತಃ ವಾಲ್ಟನ್ ಸಾಯುವವರೆಗೂ ನಗುತ್ತ ಹೇಳುತ್ತಿದ್ದರು.

ಇಷ್ಟಕ್ಕೇ ವುಡನ್‌ರನ್ನು ಪೀಠಕ್ಕೇರಿಸುವುದು ಬೇಡ. ಸುರುಳಿ ಸುತ್ತಿದ ಕಾಗದವನ್ನು ಬಾಯಿಗೆ ಅಡ್ಡ ಹಿಡಿದು ಅವರು ರೆಫರಿಗಳನ್ನು ಕೆಣಕುತ್ತಿದ್ದರು. ಸ್ಯಾಮ್ ಗಿಲ್ಬರ್ಟ್ ಎಂಬ ಶ್ರೀಮಂತ ಗುತ್ತಿಗೆದಾರ ಯುಸಿಎಲ್‌ಎ ಆಟಗಾರರಿಗೆ ನಿಯಮ ಮೀರಿ ಸವಲತ್ತು ಕೊಡುತ್ತಿದ್ದುದನ್ನು ಲಾಸ್ ಏಂಜಲೀಸ್ ಟೈಮ್ಸ್ ಬಯಲಿಗೆಳೆದದ್ದು ಅವರ ನಿವೃತ್ತಿಯ ನಂತರ. ಶಾಂತ ಸ್ವಭಾವದ ಕೋಚ್ ಅದನ್ನು ಕಂಡೂ ಕಾಣದಂತಿದ್ದರು ಎಂಬ ಆಪಾದನೆ ಉಳಿದೇ ಇದೆ. ಕೋಪಿಷ್ಠ ನೈಟ್ ಈ ವಿಷಯದಲ್ಲಿ ಶುದ್ಧಹಸ್ತ. ಮೃದು ಮಾತಿಗೂ ಪ್ರಾಮಾಣಿಕತೆಗೂ ನಂಟು ಇರಲೇಬೇಕೆಂದಿಲ್ಲ.

ಕೋಪವನ್ನು ಗಂಡಸಿನ ಆಸ್ತಿಯೆಂದು ಬಗೆದವರಿಗೆ ಪ್ಯಾಟ್ ಸಮ್ಮಿಟ್ ಇದ್ದಾರೆ. 1974ರಲ್ಲಿ, 22ರ ವಯಸ್ಸಿನಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಕೋಚ್ ಆದಾಗ ಆಟಗಾರ್ತಿಯರ ಬಟ್ಟೆ ಒಗೆದದ್ದೂ, ವ್ಯಾನ್ ಓಡಿಸಿದ್ದೂ ಅವರೇ. ಅವರ ನೆಟ್ಟ ನೋಟಕ್ಕೆ ಹೆದರದ ಆಟಗಾರ್ತಿ ಇರಲಿಲ್ಲ. ಎಂಟು ಕಿರೀಟ, 1098 ಗೆಲುವು. ಪೂರ್ಣಾವಧಿ ಆಡಿದ ಪ್ರತಿಯೊಬ್ಬಳೂ ಪದವಿ ಪಡೆದೇ ಹೊರಬಿದ್ದಳು. ನೈಟ್ ಪುರುಷರ ತಂಡಕ್ಕೆ ಒಲಿಂಪಿಕ್ ಚಿನ್ನ ತಂದುಕೊಟ್ಟ 1984ರಲ್ಲೇ ಸಮ್ಮಿಟ್ ಮಹಿಳೆಯರಿಗೆ ತಂದುಕೊಟ್ಟರು.

ಮುಂಬಯಿಗೆ ಬಾಸ್ಕೆಟ್‌ಬಾಲ್ ಪರಕೀಯವಲ್ಲ. ದಕ್ಷಿಣದ ನಾಗ್‌ಪಾಡಾದಲ್ಲಿ ಅದು ಓಣಿಯ ಆಟ. ಅಲ್ಲಿ ಬಚ್ಚೂ ಖಾನ್ ಎಂಬ ಕೋಚ್‌ನ ಹೆಸರಿನಲ್ಲಿ ಮಹಾನಗರ ಪಾಲಿಕೆಯ ಮೈದಾನವೇ ಇದೆ. 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ, ಭಾರತ ತಂಡದ ನಾಯಕರಾಗಿದ್ದ ಗುಲಾಂ ಅಬ್ಬಾಸ್ ಮೂಂತಸಿರ್ ಆ ಓಣಿಗಳಿಂದಲೇ ಬಂದವರು. ಅಮೆರಿಕದ ಕಾಲೇಜು ಕೋಚಿಂಗ್ ಭಾರತಕ್ಕೆ ನೇರವಾಗಿ ಬಂದ ಉದಾಹರಣೆಯೂ ಉಂಟು. ಅಲ್ಲಿನ ಸಣ್ಣ ಕಾಲೇಜುಗಳಲ್ಲಿ ವರ್ಷಗಟ್ಟಲೆ ಕಲಿಸಿದ್ದ ಸ್ಕಾಟ್ ಫ್ಲೆಮಿಂಗ್ 2012ರಲ್ಲಿ ಭಾರತದ ಪುರುಷರ ತಂಡದ ಹೊಣೆ ಹೊತ್ತರು. 2014ರ ಜುಲೈಯಲ್ಲಿ, ಚೀನಾದ ವುಹಾನ್‌ನಲ್ಲೇ, ಭಾರತ ಚೀನಾವನ್ನು 65–58ರಿಂದ ಮಣಿಸಿತು. ಈ ದೇಶದ ಬಾಸ್ಕೆಟ್‌ಬಾಲ್‌ನಲ್ಲಿ ಅಂಥ ಸಂಜೆಗಳು ಬೆರಳೆಣಿಕೆಯವು.

ಆದರೂ ನಮ್ಮ ಕಾಲೇಜಿನ ಕೋಚ್ ಅಮೆರಿಕದ ಕೋಚ್ ಅಲ್ಲ. ಅಲ್ಲಿ ವಿದ್ಯಾರ್ಥಿವೇತನ ಯಾರಿಗೆ, ಆಟದ ಸಮಯ ಯಾರಿಗೆ ಎಂಬುದೆಲ್ಲ ಒಬ್ಬನ ಕೈಯಲ್ಲಿ. ನೈಟ್‌ನ ಕೋಪಕ್ಕೆ ಹಲ್ಲು ಬಂದದ್ದು ಆ ಅಧಿಕಾರದಿಂದ. ನಮ್ಮಲ್ಲಿ ದೈಹಿಕ ಶಿಕ್ಷಣದ ಮೇಷ್ಟರೇ ಕಬಡ್ಡಿಗೂ ವಾಲಿಬಾಲ್‌ಗೂ ಬಾಸ್ಕೆಟ್‌ಬಾಲ್‌ಗೂ ಯಜಮಾನ. ಆಟಗಾರ ಹಾಜರಾತಿ, ಇಂಟರ್ನಲ್ ಪರೀಕ್ಷೆ, ಮನೆಯವರ ಫೋನು, ವಿರಾರ್ ಲೋಕಲ್‌ನ ನೂಕುನುಗ್ಗಲು ಎಲ್ಲವನ್ನೂ ದಾಟಿ ಅಭ್ಯಾಸಕ್ಕೆ ಬರಬೇಕು. ಹೀಗಿರುವಾಗ ಕೋಚ್‌ನ ಸ್ವಭಾವ ಗೊತ್ತಾಗುವುದು ಟೈಮ್‌ಔಟ್‌ನಲ್ಲಿ ಅಲ್ಲ, ಆಟದ ಹೊರಗೆ.

ದಹಿಸರ್‌ನವರಿಗೆ ಇದರ ಅತಿ ಹತ್ತಿರದ ಸಾಕ್ಷಿ ಒಂದೇ ಸ್ಟೇಷನ್ ಆಚೆ, ಬೊರಿವಲಿಯಲ್ಲಿದೆ. ಆಟ ಬೇರೆ, ಕ್ರಿಕೆಟ್. ಸ್ವಾಮಿ ವಿವೇಕಾನಂದ ಇಂಟರ್‌ನ್ಯಾಷನಲ್ ಶಾಲೆಯ ಕೋಚ್ ದಿನೇಶ್ ಲಾಡ್ 1999ರಲ್ಲಿ ಎದುರಾಳಿ ಶಾಲೆಯ ಒಬ್ಬ ಆಫ್‌ಸ್ಪಿನ್ನರ್‌ನನ್ನು ನೋಡಿ, ನಮ್ಮ ಶಾಲೆಗೆ ಬಾ ಎಂದರು. ಅಜ್ಜಿ ತಾತ, ಚಿಕ್ಕಪ್ಪಂದಿರ ಜೊತೆ ಬೊರಿವಲಿಯಲ್ಲಿದ್ದ ಆ ಹುಡುಗನ ಮನೆಗೆ ತಿಂಗಳಿಗೆ 275 ರೂಪಾಯಿ ಶುಲ್ಕ ಭಾರವಾಗಿತ್ತು. ಲಾಡ್ ಶಾಲೆಯ ಆಡಳಿತದ ಜೊತೆ ಮಾತಾಡಿ ಶುಲ್ಕ ಮಾಫಿ ಮಾಡಿಸಿದರು. ಆಮೇಲೊಂದು ದಿನ ಹುಡುಗ ಒಬ್ಬನೇ ಬ್ಯಾಟ್ ಹಿಡಿದು ಚೆಂಡು ತಟ್ಟುವುದನ್ನು ಕಂಡು, ಕೆಳ ಕ್ರಮಾಂಕದಿಂದ ಎತ್ತಿ ಇನಿಂಗ್ಸ್ ಆರಂಭಿಸಲು ಕಳಿಸಿದರು. ರೋಹಿತ್ ಶರ್ಮಾ ಬೌಲರ್ ಆಗಿ ಉಳಿಯದಿರಲು ಕಾರಣ ಆ ನೋಟ.

ಕೆಲವು ವರ್ಷಗಳ ಬಳಿಕ ಪಾಲ್ಘರ್ ಕಡೆಯ ಶಾರ್ದೂಲ್ ಠಾಕೂರ್ ಲಾಡ್ ಅವರ ತಂಡದ ವಿರುದ್ಧವೇ ಚೆನ್ನಾಗಿ ಆಡಿದ. ಶಾಲೆಗೆ ಕರೆದಾಗ ತಂದೆಗೆ ಚಿಂತೆ: ಪಾಲ್ಘರಿನಿಂದ ವಿರಾರ್, ವಸಯಿ, ಭಾಯಂದರ್, ದಹಿಸರ್ ದಾಟಿ ಬೊರಿವಲಿಗೆ ದಿನಾ ಹುಡುಗ ಹೇಗೆ ಓಡಾಡಿಯಾನು? ಲಾಡ್ ಅವನನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಮುಂಬಯಿಯ ಫ್ಲ್ಯಾಟಿನಲ್ಲಿ ಇನ್ನೊಬ್ಬರ ಮಗನಿಗೆ ಜಾಗ ಮಾಡಿಕೊಡುವುದೆಂದರೆ ಏನೆಂದು ಇಲ್ಲಿನ ಓದುಗರಿಗೆ ವಿವರಿಸಬೇಕಿಲ್ಲ. 2022ರಲ್ಲಿ ಲಾಡ್ ಅವರಿಗೆ ಜೀವಮಾನದ ಸಾಧನೆಗಾಗಿ ದ್ರೋಣಾಚಾರ್ಯ ಪ್ರಶಸ್ತಿ ಬಂತು.

ಟೋಪಿ ಎಸೆದ ದ್ರಾವಿಡ್ ಮುಂದೆ 19ರೊಳಗಿನವರ ಮತ್ತು ಭಾರತ ‘ಎ’ ತಂಡಗಳ ಕೋಚ್ ಆದರು. ಒಬ್ಬ ಹುಡುಗನಿಗೆ ಕಿರಿಯರ ವಿಶ್ವಕಪ್ ಒಂದೇ ಸಲ ಎಂಬ ನೀತಿ ಬಂದದ್ದು ಅವರ ಕಾಲದಲ್ಲಿ. ‘ಎ’ ತಂಡದ ಜೊತೆ ಪ್ರವಾಸ ಹೋದ ಪ್ರತಿಯೊಬ್ಬನೂ ಪಂದ್ಯ ಆಡಿಯೇ ಮರಳಬೇಕೆಂದು ನೋಡಿಕೊಂಡರು. ತಾವೇ ಹುಡುಗರಾಗಿದ್ದಾಗ ಬೆಂಚು ಕಾಯ್ದ ನೆನಪು ಅದರ ಹಿಂದಿತ್ತು. 2018ರಲ್ಲಿ ಕಿರಿಯರು ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಅವರು ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ, ಅವರಿಗೂ ಸೇರಿ, ತಲಾ 25 ಲಕ್ಷವಾಯಿತು. ನೀನೂ ತಂಡದವನೇ ಎಂದು ಫಿಸಿಯೊಗೂ ಮಸಾಜ್ ಮಾಡುವವನಿಗೂ ತಿಳಿಸಲು ಇದಕ್ಕಿಂತ ಸ್ಪಷ್ಟವಾದ ದಾರಿ ಸಿಗಲಾರದು.

ಜೂನ್ ಬಂದರೆ ದಹಿಸರ್, ಬೊರಿವಲಿ, ಮೀರಾರೋಡ್‌ನ ಮನೆಗಳಲ್ಲಿ ಮಗಳನ್ನೋ ಮಗನನ್ನೋ ಯಾವ ಕೋಚ್ ಬಳಿ ಬಿಡುವುದೆಂಬ ಚರ್ಚೆ ಶುರುವಾಗುತ್ತದೆ. ಗೋಡೆಯ ಮೇಲಿನ ಟ್ರೋಫಿಗಳನ್ನು ಎಣಿಸಿ ಶುಲ್ಕ ಕಟ್ಟಬೇಡಿ. ಒಂದು ಸಂಜೆ ಅಂಕಣದ ಬದಿಯಲ್ಲಿ ಅರ್ಧ ಗಂಟೆ ಕೂತು ಕೇಳಿಸಿಕೊಳ್ಳಿ. ಕೋಚ್ ಕೂಗಾಡಿದರೆ ಗಾಬರಿ ಬೇಡ. ಆ ಕೂಗಿನ ಹಿಂದೆಯೇ ಹೇಗೆ ಆಡಬೇಕೆಂಬ ಮಾತು ಬಂತೇ ಎಂದು ಗಮನಿಸಿ. ತಂಡದ ಅತಿ ದುರ್ಬಲ ಹುಡುಗನ ಹೆಸರು ಅವರಿಗೆ ಗೊತ್ತಿದೆಯೇ ಎಂದು ನೋಡಿ. ಮಕ್ಕಳ ಮೈಮೇಲೆ ಕೈ ಬಿದ್ದದ್ದು ಕಂಡರೆ, ಎಷ್ಟೇ ಕಪ್ ಗೆದ್ದ ಕೋಚ್ ಆಗಿರಲಿ, ಮರುದಿನವೇ ಆಡಳಿತಕ್ಕೆ ಬರಹದಲ್ಲಿ ದೂರು ಕೊಡಿ. ಇಂಡಿಯಾನಾದ ಹಾಗೆ ಹದಿನೈದು ವರ್ಷ ಕಾಯಬೇಡಿ.